ಮೂರು ಸಲ ತೆಗೆದ ರಕ್ತ, ಒಮ್ಮೆಯೂ ಆಗದ ಎಣಿಕೆ

ಮಕ್ಕಳ ಆಸ್ಪತ್ರೆಯ ರಕ್ತಪರೀಕ್ಷಾ ಪ್ರಯೋಗಾಲಯದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತಮ್ಮ ಪ್ರಯೋಗಾಲಯ ನನ್ನ ಮೊಮ್ಮಗಳ ರಕ್ತವನ್ನು ಎರಡು ವರ್ಷಗಳಲ್ಲಿ ಮೂರು ಸಲ ತರಿಸಿಕೊಂಡು ಮೂರು ಸಲವೂ ಚೆಲ್ಲಿದೆ. ಕ್ಷೇಮಸಮಾಚಾರ ಕೇಳಿ, ತಮ್ಮ ಅಮೂಲ್ಯ ಸಮಯಕ್ಕೆ ಕ್ಷಮೆ ಕೋರಿ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುವ ಸೌಜನ್ಯ ನನಗೂ ಗೊತ್ತು. ಆದರೆ ಇದೇ ವಿಷಯವಾಗಿ ಹಿಂದೆ ಬರೆದ ನಾಲ್ಕು ಪತ್ರಗಳಲ್ಲಿ ನನ್ನಲ್ಲಿದ್ದ ಸೌಜನ್ಯವನ್ನೆಲ್ಲ ಬಳಸಿ ಮುಗಿಸಿದ್ದೇನೆ. ಆ ನಾಲ್ಕೂ ತಮ್ಮ ಕಡತದಲ್ಲಿ ಸುಖವಾಗಿ ನಿದ್ದೆ ಹೋಗಿರಬೇಕು. ಅದಕ್ಕೇ ಐದನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ತಾವು ಓದದಿದ್ದರೂ ತಮ್ಮ ಪಕ್ಕದ ಮನೆಯವರಾದರೂ ಓದಿಯಾರು.

ನಾನು ಯಾರೆಂದು ಹೇಳಿಬಿಡುತ್ತೇನೆ. ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಬೆರಳಚ್ಚುಗಾರ್ತಿಯಾಗಿದ್ದು ನಿವೃತ್ತಳಾದವಳು. ಮಗಳು ಬಸ್ ಕಂಡಕ್ಟರ್. ಅಳಿಯ ಸರಕು ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯೇ ಅವನ ಮನೆ. ಹೀಗಾಗಿ ಮೊಮ್ಮಗಳು ನನ್ನ ಪಾಲಿಗೆ ಬಂದಳು. ಹುಟ್ಟಿದಾಗ ಕೆನ್ನೆ ಎಲ್ಲಿ ಮುಗಿದು ಕತ್ತು ಎಲ್ಲಿ ಶುರುವಾಗುತ್ತದೆಂದು ತಿಳಿಯದಷ್ಟು ದುಂಡಗಿದ್ದಳೆಂದು ಅವಳನ್ನು ಗುಂಡಕ್ಕ ಎಂದು ಕರೆದೆವು. ಈಗ ಏಳು ವರ್ಷ. ಹೆಸರು ಮಾತ್ರ ಗುಂಡಗಿದೆ. ಸ್ನಾನ ಮಾಡಿಸುವಾಗ ಸೋಪು ಅವಳ ಪಕ್ಕೆಲುಬಿನ ಮೇಲೆ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ.

ಅವಳಿಗೆ ಅಲರ್ಜಿ. ಎರಡು ತುಂಬುವ ಮೊದಲೇ ಮೊಣಕೈ ಮಡಿಕೆಯಲ್ಲಿ ಕೆಂಪಗೆ ಕೆರೆತ ಬಂತು, ಮೂರಕ್ಕೆ ಮೂಗು ಕಟ್ಟಿ ಸಾಲುಸಾಲು ಸೀನು, ನಾಲ್ಕಕ್ಕೆ ಉಬ್ಬಸ. ಮನೆಯ ಪರದೆಗಳನ್ನು ಬಿಚ್ಚಿದೆವು. ಹತ್ತಿಯ ದಿಂಬುಗಳನ್ನು ಹೊರಹಾಕಿದೆವು. ನನ್ನ ಪುಸ್ತಕದ ಕಪಾಟು ಧೂಳಿನ ಮೂಲವೆಂದು ತೀರ್ಮಾನವಾಗಿ ಹತ್ತಿರದ ವಾಚನಾಲಯಕ್ಕೆ ಹೋಯಿತು. ಬೆಕ್ಕನ್ನು ಪಕ್ಕದ ಮನೆಯವರಿಗೆ ಕೊಟ್ಟೆವು. ಅದು ದಿನಾ ಬಂದು ನಮ್ಮ ಕಿಟಕಿಯ ಹೊರಗೆ ಕೂರುತ್ತದೆ, ಗುಂಡಕ್ಕ ಗಾಜಿನ ಒಳಗಿನಿಂದ ಅದರ ಮೂಗಿನ ನೇರಕ್ಕೆ ಬೆರಳಿಡುತ್ತಾಳೆ. ಇಷ್ಟಕ್ಕೆಲ್ಲ ನಾವು ಹೊಂದಿಕೊಂಡೆವು. ಹೊಂದಿಕೊಳ್ಳಲು ಆಗದೆ ಹೋದದ್ದು ಅಲರ್ಜಿಯ ಬೆನ್ನಿಗೇ ಬರುವ ಸೋಂಕಿಗೆ. ಬೇರೆ ಮಕ್ಕಳಿಗೆ ನಾಲ್ಕು ದಿನ ಸುರಿದು ಹೋಗುವ ನೆಗಡಿ ಇವಳಿಗೆ ಎರಡೇ ದಿನದಲ್ಲಿ ಎದೆಗಿಳಿಯುತ್ತದೆ. ಕಿವಿ ಸೋರುತ್ತದೆ. ಒಂದು ಔಷಧಿಯ ಬಾಟಲಿ ಖಾಲಿಯಾಗುವ ಮೊದಲೇ ಮುಂದಿನ ಜ್ವರ ಬಾಗಿಲಲ್ಲಿ ನಿಂತಿರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಜ್ವರ ಬಂದ ದಿನಕ್ಕೆಲ್ಲ ಕೆಂಪು ಗೀಟು ಹಾಕುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಜ್ವರ ಬಾರದ ದಿನಕ್ಕೆ ಹಾಕತೊಡಗಿದೆ, ಶಾಯಿಯಾದರೂ ಉಳಿಯಲೆಂದು.

ತಮ್ಮದೇ ಆಸ್ಪತ್ರೆಯ ಮಕ್ಕಳ ಡಾಕ್ಟರಮ್ಮ ಇವಳನ್ನು ನೋಡುತ್ತಿದ್ದಾರೆ. ಅವರ ಬಗ್ಗೆ ನನ್ನ ದೂರಿಲ್ಲ. ಅವರು ನನಗೆ ಬಿಡಿಸಿ ಹೇಳಿದ್ದಿಷ್ಟು: ಅಲರ್ಜಿ ಇರುವ ಮಗುವಿನ ಮೂಗು, ಉಸಿರುನಾಳಗಳು ಸದಾ ಊದಿಕೊಂಡಿರುತ್ತವೆ, ಕಫ ಅಲ್ಲೇ ನಿಲ್ಲುತ್ತದೆ, ರೋಗಾಣುಗಳಿಗೆ ಬೀಡುಬಿಡಲು ಸಲೀಸಾಗುತ್ತದೆ. ಅದರಿಂದಲೇ ಇಂಥ ಎಷ್ಟೋ ಮಕ್ಕಳು ಮತ್ತೆಮತ್ತೆ ಮಲಗುತ್ತಾರೆ, ಬೆಳೆಯುತ್ತ ಬೆಳೆಯುತ್ತ ಬಹಳ ಮಂದಿ ಸುಧಾರಿಸುತ್ತಾರೆ. ಆದರೆ ಕೆಲವು ಮಕ್ಕಳಲ್ಲಿ ಇನ್ನೊಂದು ಕೊರತೆ ಅಡಗಿರಬಹುದು. ರಕ್ತದ ಬಿಳಿಕಣಗಳಲ್ಲಿ ಸೋಂಕಿನೊಡನೆ ಹೋರಾಡುವ ಬಗೆಗಳು ಹಲವಿವೆ, ಅವುಗಳಲ್ಲಿ ಯಾವುದೋ ಒಂದು ತೀರಾ ಕಡಿಮೆ ಇರಬಹುದು. ಹೊರಗಿನಿಂದ ನೋಡಿದರೆ ಎರಡೂ ಬಗೆಯ ಮಕ್ಕಳು ಒಂದೇ. ಅದೇ ಕೆಮ್ಮು, ಅದೇ ಜ್ವರ. ಚಿಕಿತ್ಸೆ ಮಾತ್ರ ಬೇರೆ ಬೇರೆ. ಎರಡನೆಯದಾದರೆ ಬೇಗ ಶುರು ಮಾಡಬೇಕು, ತಡವಾದಷ್ಟೂ ಶ್ವಾಸಕೋಶದಲ್ಲಿ ವಾಸಿಯಾಗದ ಗಾಯ ಉಳಿಯಬಹುದು.

"ಧೂಳು ಕಂಡ್ರೆ ಇವಳ ಕಣಗಳು ರಂಪ ಮಾಡ್ತಿವೆ, ಅದು ಗೊತ್ತು," ಎಂದರು ಡಾಕ್ಟರಮ್ಮ. "ನಿಜವಾದ ಸೋಂಕು ಬಂದಾಗ ಕೆಲಸಕ್ಕೆ ಎಷ್ಟು ಬರ್ತಿವೆ ಅನ್ನೋದು ಗೊತ್ತಿಲ್ಲ. ಅದನ್ನ ಎಣಿಸ್ಬೇಕು ಅಮ್ಮ. ಎಣಿಸೋ ತನಕ ನಾನು ಏನು ಬರ್ಕೊಟ್ರೂ ಊಹೆನೇ."

ಸುಮ್ಮನೆ ರಂಪ ಮಾಡಿ, ಬೇಕಾದಾಗ ಕುರ್ಚಿಯಲ್ಲಿ ಇಲ್ಲದವರನ್ನು ಮೂವತ್ತೊಂದು ವರ್ಷ ನೋಡಿದ ನನಗೆ ಅವರ ಮಾತು ತಕ್ಷಣ ಅರ್ಥವಾಯಿತು.

ಈ ಎಣಿಕೆಯ ಷರತ್ತುಗಳು ತಮಗೆ ಗೊತ್ತಿರುವುವೇ. ಆದರೂ ಓದುಗರಿಗಾಗಿ ಹೇಳುತ್ತೇನೆ. ಕಣಗಳನ್ನು ಅವು ಜೀವಂತ ಇರುವಾಗಲೇ ಎಣಿಸಬೇಕಂತೆ. ತಮ್ಮ ಪ್ರಯೋಗಾಲಯದ ನಿಯಮದಂತೆ ರಕ್ತ ತೆಗೆದ ಒಂದು ದಿನದೊಳಗೆ ಅದು ಯಂತ್ರಕ್ಕೆ ಹೋಗಬೇಕು, ಫ್ರಿಜ್ಜಿನಲ್ಲಿ ಇಡಬಾರದು. ಅದಕ್ಕಿಂತ ದೊಡ್ಡ ಷರತ್ತು ಮಗುವಿನದು. ಸೋಂಕು ಇದ್ದಾಗಲೂ, ಉಬ್ಬಸಕ್ಕೆ ಕೊಡುವ ಜೋರಿನ ಔಷಧಿ ನಡೆಯುತ್ತಿರುವಾಗಲೂ ಲೆಕ್ಕ ತಪ್ಪುತ್ತದೆಂದು, ಮಗು ಮೂರು ವಾರ ಜ್ವರವಿಲ್ಲದೆ, ಆ ಔಷಧಿಯಿಲ್ಲದೆ ಇದ್ದಾಗ ಮಾತ್ರ ರಕ್ತ ತೆಗೆಯಬೇಕೆಂದು ಡಾಕ್ಟರಮ್ಮ ಹೇಳಿದರು. ಮೂರು ವಾರ ಎಂದರೆ ತಮಗೆ ಇಪ್ಪತ್ತೊಂದು ದಿನ. ನಮ್ಮ ಮನೆಯಲ್ಲಿ ಅದು ವರ್ಷಕ್ಕೊಮ್ಮೆಯೋ ಎರಡು ಸಲವೋ ದೇವರು ದಯಪಾಲಿಸುವ ವಸ್ತು. ಹನ್ನೆರಡನೆಯ ದಿನದಿಂದ ನಾವು ಮನೆಯಲ್ಲಿ ಜೋರಾಗಿ ಮಾತಾಡುವುದಿಲ್ಲ, ಎಲ್ಲಿ ಜ್ವರಕ್ಕೆ ಕೇಳಿಸಿಬಿಡುತ್ತದೋ ಎನ್ನುವ ಹಾಗೆ. ಈ ಎರಡು ವರ್ಷಗಳಲ್ಲಿ ಅಂಥ ಇಪ್ಪತ್ತೊಂದು ದಿನಗಳು ಮೂರೇ ಸಲ ಬಂದವು. ಮೂರನ್ನೂ ತಂದು, ರಕ್ತ ಸ್ವೀಕರಿಸುವ ತಮ್ಮ ಕಿಟಕಿಯಲ್ಲಿ ಇಟ್ಟೆ.

ಮೊದಲನೆಯ ಸಲ ಅದು ಶುಕ್ರವಾರ. ವಾರ್ಡಿನ ನರ್ಸಮ್ಮ ಎರಡು ಕಡೆ ಚುಚ್ಚಿ, ಸಿಗದೆ, ಮೂರನೆಯ ಕಡೆ ರಕ್ತ ತೆಗೆದರು. ಗುಂಡಕ್ಕ ಊರು ಕೇಳುವಂತೆ ಅತ್ತಳು. ಸೋಮವಾರ ವರದಿ ಕೇಳಲು ಹೋದಾಗ ತಿಳಿಯಿತು, ಶನಿವಾರ ಭಾನುವಾರ ಯಂತ್ರ ನಡೆಸುವವರು ಇರುವುದಿಲ್ಲವಾದ್ದರಿಂದ ಈ ಪರೀಕ್ಷೆಯ ರಕ್ತವನ್ನು ಶುಕ್ರವಾರ ತೆಗೆಯಲೇಬಾರದಂತೆ. ಎಲ್ಲಿ ಬರೆದಿದೆ ಎಂದು ಕೇಳಿದೆ. ಬರೆದಿಲ್ಲ, ಎಲ್ಲರಿಗೂ ಗೊತ್ತಿದೆ ಎಂದರು. ನರ್ಸಮ್ಮನಿಗೆ ಗೊತ್ತಿರಲಿಲ್ಲವಲ್ಲ ಎಂದೆ. ಆಕೆ ಹೊಸಬರು ಎಂದರು. ತಮ್ಮ ಗೋಡೆಯ ಮೇಲೆ ಉಗುಳಬಾರದೆಂದು ಮೂರು ಕಡೆ ಬರೆದಿದೆ, ಮೊಬೈಲಿನಲ್ಲಿ ಮಾತಾಡಬಾರದೆಂದು ಎರಡು ಕಡೆ ಬರೆದಿದೆ. ಶುಕ್ರವಾರದ ವಿಷಯ ಬರೆಯಲು ಜಾಗ ಸಾಲದೆ ಹೋಯಿತೇ?

ಎರಡನೆಯ ಸಲಕ್ಕೆ ಎಂಟು ತಿಂಗಳು ಕಾದೆವು. ನಡುವೆ ನ್ಯುಮೋನಿಯಾ ಬಂದು ಹನ್ನೊಂದು ದಿನ ತಮ್ಮಲ್ಲೇ ದಾಖಲಾಗಿದ್ದಳು. ಈ ಸಲ ಮಂಗಳವಾರ ಹೋದೆ. ಬೆಳಿಗ್ಗೆ ಒಂಬತ್ತಕ್ಕೆ ರಕ್ತ ತೆಗೆದದ್ದಾಯಿತು. ಪರೀಕ್ಷೆಯ ಅರ್ಜಿ ನಮೂನೆಗೆ ವಿಭಾಗದ ಮುಖ್ಯಸ್ಥರ ಸಹಿ ಬೇಕು, ಅವರು ಸಭೆಯಲ್ಲಿದ್ದಾರೆ ಎಂದರು. ಯಾವ ಸಭೆ ಎಂದು ಬಾಗಿಲಿನವನನ್ನು ಕೇಳಿದ್ದು ನನ್ನ ತಪ್ಪು. ರೋಗಿಗಳಿಗೆ ವಿಳಂಬವಿಲ್ಲದ ಸೇವೆ ಒದಗಿಸುವ ಕುರಿತ ಸಭೆಯಂತೆ. ಅದು ಮುಗಿದದ್ದು ಮೂರೂವರೆಗೆ, ತಮ್ಮ ಕಿಟಕಿ ಮುಚ್ಚಿದ್ದು ಎರಡಕ್ಕೆ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರು, ಕಾದು ಕಾದು ಕೂತ ನಮ್ಮನ್ನು ನೋಡಿ ಅಯ್ಯೋ ಪಾಪ ಎಂದು ರಕ್ತದ ನಳಿಕೆಯನ್ನು ತೆಗೆದುಕೊಂಡು, ಬೆಳಗಿನವರೆಗೆ ಕೆಡದಿರಲಿ ಎಂದು ಫ್ರಿಜ್ಜಿನಲ್ಲಿಟ್ಟರು. ಕಣಗಳೆಲ್ಲ ಸತ್ತವು. ಮಾನ್ಯರೇ, ತಮ್ಮ ಕಟ್ಟಡದಲ್ಲಿ ನಮಗೆ ಸಿಕ್ಕ ಒಂದೇ ಒಂದು ಕರುಣೆಯೂ ಹೀಗೆ ಕೆಲಸ ಕೆಡಿಸಿತು. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ.

ಅದು ತಿಳಿದ ದಿನ ಸಂಜೆ ಮಗಳು ಡ್ಯೂಟಿ ಮುಗಿಸಿ ಬಂದು, ಸಮವಸ್ತ್ರ ಬಿಚ್ಚುವ ಮೊದಲೇ ನನ್ನ ಮುಂದೆ ಕೂತಳು. ಎಲ್ಲ ಕೇಳಿಸಿಕೊಂಡಳು. ಆಮೇಲೆ ಹೇಳಿದಳು, "ಅಮ್ಮ, ಮೂವತ್ತು ವರ್ಷ ಆಫೀಸಲ್ಲಿ ಇದ್ದವಳು ನೀನು. ಅಲ್ಲಿ ನಿಂತು ಒಂದು ಕೂಗು ಹಾಕೋಕೆ ಬರ್ಲಿಲ್ವಾ ನಿಂಗೆ?"

ಬರಲಿಲ್ಲ. ಕೂಗುವವರ ಅರ್ಜಿ ಕಡತದ ತಳಕ್ಕೆ ಹೋಗುವುದನ್ನು ನಾನು ಕಣ್ಣಾರೆ ಕಂಡವಳು. ಮೆತ್ತಗಿದ್ದವರ ಅರ್ಜಿಯೂ ಅಲ್ಲಿಗೇ ಹೋಗುತ್ತದೆ ಎಂಬುದನ್ನು ಮಾತ್ರ ಮರೆತಿದ್ದೆ.

ಮೂರನೆಯ ಸಲ ನಾನು ಯಾವುದನ್ನೂ ದೇವರ ಮೇಲೆ ಬಿಡಲಿಲ್ಲ. ಬುಧವಾರ ಆರಿಸಿಕೊಂಡೆ. ಮುಖ್ಯಸ್ಥರ ಸಹಿಯನ್ನು ಹಿಂದಿನ ದಿನವೇ ಹಾಕಿಸಿಕೊಂಡೆ. ರಕ್ತ ತೆಗೆಯುವಾಗ ಗುಂಡಕ್ಕ ಅಳಲಿಲ್ಲ. ತೋಳನ್ನು ತಾನೇ ಚಾಚಿ, ಇಲ್ಲಿ ಸಿಗಲ್ಲ, ಈ ಕಡೆ ಸಿಗುತ್ತೆ ಎಂದು ನರ್ಸಮ್ಮನಿಗೆ ನರ ತೋರಿಸಿಕೊಟ್ಟಳು. ಏಳು ವರ್ಷದ ಮಗು ಅಳದಿದ್ದಾಗ ಪಕ್ಕದಲ್ಲಿದ್ದವರು ಜಾಣೆ ಎಂದು ಹೊಗಳಿದರು. ನನಗೆ ಅವಳು ಮೊದಲ ಸಲದಂತೆ ಅತ್ತಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಜವಾನ ಬರುವವರೆಗೆ ಕಾಯದೆ ನಳಿಕೆಯನ್ನು ನಾನೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಅವಳನ್ನು ಹಿಡಿದು, ಎರಡು ಕಟ್ಟಡಗಳ ನಡುವಿನ ಬಿಸಿಲಿನ ದಾರಿ ದಾಟಿ ಹತ್ತು ಗಂಟೆಗೆ ಮೊದಲೇ ತಮ್ಮ ಕಿಟಕಿಗೆ ಮುಟ್ಟಿಸಿದೆ. ಕಿಟಕಿಯ ಹುಡುಗಿ ತೆಗೆದುಕೊಂಡಳು, ಅಂಟುಚೀಟಿ ಹಚ್ಚಿದಳು, ಸ್ವೀಕೃತಿ ಬರೆದುಕೊಟ್ಟಳು. ಮನೆಗೆ ಬರುವಾಗ ಬಸ್ಸಿನಲ್ಲಿ ನಾನೂ ಗುಂಡಕ್ಕನೂ ಪದ್ಯ ಹೇಳಿಕೊಂಡು ಬಂದೆವು.

ಎರಡು ವಾರದ ಬಳಿಕ ವರದಿಯ ಜಾಗದಲ್ಲಿ, ಹಿಂದಿನ ಎರಡು ಸಲವೂ ಹಾಳೆಯ ಮೇಲೆ ಒತ್ತಿ ಕೊಟ್ಟಿದ್ದ ಅದೇ ನೀಲಿ ಮೊಹರು: "ಮಾದರಿ ಕೆಟ್ಟಿದೆ. ಹೊಸ ಮಾದರಿ ಕಳುಹಿಸಿ."

ಕೇಳಿದೆ. ಆ ಹುಡುಗಿ ಒಳಗೆ ಹೋಗಿ ಬಂದಳು. ಎಣಿಸುವ ಯಂತ್ರ ಕೆಟ್ಟು, ನಾನು ರಕ್ತ ಕೊಟ್ಟ ದಿನಕ್ಕೆ ಆಗಲೇ ಹತ್ತೊಂಬತ್ತು ದಿನವಾಗಿತ್ತಂತೆ.

"ಹಾಗಾದ್ರೆ ಆವತ್ತು ಯಾಕಮ್ಮ ತಗೊಂಡೆ?" ಎಂದೆ.

ಅವಳು ಒರಟಾಗಿ ಮಾತಾಡಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದಳು, "ತಗೋಬೇಡಿ ಅಂತ ನಮ್ಗೆ ಆರ್ಡರ್ ಬಂದಿಲ್ಲ ಅಜ್ಜಿ. ಬಂದಿದ್ದನ್ನ ತಗೋಬೇಕು ಅಂತಾನೇ ಇರೋದು."

ಯಂತ್ರ ಕೆಡುವುದು ಅಪರಾಧವಲ್ಲ ಮಾನ್ಯರೇ. ನನ್ನ ಬೆರಳಚ್ಚು ಯಂತ್ರವೂ ಕೆಡುತ್ತಿತ್ತು. ಆದರೆ ಕೆಟ್ಟ ಯಂತ್ರದ ಮುಂದೆ ಕೂತು ನಾನು ಜನರಿಂದ ಕರಡು ತೆಗೆದುಕೊಂಡು ಬುಟ್ಟಿಗೆ ಹಾಕುತ್ತಿರಲಿಲ್ಲ. ಒಂದು ರಟ್ಟಿನ ಚೂರಿನ ಮೇಲೆ "ಯಂತ್ರ ಕೆಟ್ಟಿದೆ" ಎಂದು ಬರೆದು ಕಿಟಕಿಗೆ ತೂಗುಹಾಕಲು ಎಷ್ಟು ಮಂದಿಯ ಮಂಜೂರಾತಿ ಬೇಕು? ಆ ಹತ್ತೊಂಬತ್ತು ದಿನಗಳಲ್ಲಿ ಎಷ್ಟು ಮಕ್ಕಳು ತೋಳು ಚಾಚಿದರು? ಅವರ ಅಜ್ಜಿಯರೂ ಬಸ್ಸಿನಲ್ಲಿ ಪದ್ಯ ಹೇಳಿಕೊಂಡು ಹೋದರೇ? ಈ ಎಣಿಕೆಯಾದರೂ ತಮ್ಮ ಬಳಿ ಇದೆಯೇ? ನಮ್ಮ ಹತ್ತಿರದಲ್ಲಿ ಇಂಥ ಯಂತ್ರ ಬೇರೆಲ್ಲೂ ಇಲ್ಲವೆಂದು ತಮಗೂ ಗೊತ್ತು, ನಮಗೂ ಗೊತ್ತು. ಬೇರೆ ಕಡೆಗೆ ಕಳುಹಿಸಿದರೆ ದಾರಿಯಲ್ಲೇ ಒಂದು ದಿನ ಮೀರುತ್ತದೆ. ನಾವು ತಮ್ಮನ್ನು ಆರಿಸಿಕೊಂಡು ಬಂದವರಲ್ಲ, ಬೇರೆ ದಾರಿಯಿಲ್ಲದೆ ಬಂದವರು.

ಮೂರನೆಯ ರಕ್ತ ಕೊಟ್ಟು ಆರು ವಾರಕ್ಕೆ ಎರಡನೆಯ ನ್ಯುಮೋನಿಯಾ ಬಂತು. ಈ ಸಲ ಹದಿನಾರು ದಿನ ಆಸ್ಪತ್ರೆಯಲ್ಲಿದ್ದೆವು. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ಮನೆಗೆ ಕಳುಹಿಸುವ ದಿನ ಡಾಕ್ಟರಮ್ಮ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಬಲ ಶ್ವಾಸಕೋಶದ ಕೆಳತುದಿಯ ಒಂದು ಭಾಗ ಸರಿಯಾಗಿ ಬಿಚ್ಚಿಕೊಂಡಿಲ್ಲ ಎಂದು ತೋರಿಸಿದರು. ಬಿಚ್ಚಿಕೊಳ್ಳಬಹುದು, ಬಿಚ್ಚಿಕೊಳ್ಳದೆಯೂ ಇರಬಹುದು. ಎಡಗಿವಿ ಮೊದಲಿನಷ್ಟು ಕೇಳುತ್ತಿಲ್ಲ. ಮೊದಲೇ ಎಣಿಕೆ ಆಗಿದ್ದರೆ ಇದು ತಪ್ಪುತ್ತಿತ್ತೇ ಎಂದು ಕೇಳಿದೆ. ಡಾಕ್ಟರಮ್ಮ ಹಾಳೆಯನ್ನು ಲಕೋಟೆಗೆ ಹಾಕಿದರು. ಗೊತ್ತಿಲ್ಲ ಅನ್ನೋದೇ ನನ್ನ ಕಷ್ಟ ಅಮ್ಮ ಎಂದರು. ಮೂರು ತಿಂಗಳಿಗೆ ದಿನಾ ಒಂದು ಔಷಧಿ ಬರೆದುಕೊಟ್ಟರು. ಇದು ಬೇಕಾದದ್ದೋ ಬೇಡವಾದದ್ದೋ ಅದೂ ಊಹೆಯೇ ಎಂದು ತಾವಾಗಿಯೇ ಹೇಳಿದರು. ತಮ್ಮ ಆಸ್ಪತ್ರೆಯಲ್ಲಿ ನಿಜ ಹೇಳುವವರೂ ಇದ್ದಾರೆ ಎಂಬುದು ತಮ್ಮ ಗಮನಕ್ಕಿರಲಿ. ದಯವಿಟ್ಟು ಅವರಿಗೆ ನೋಟಿಸು ಕೊಡಬೇಡಿ.

ನನ್ನ ನಾಲ್ಕು ಪತ್ರಗಳಿಗೆ ತಮ್ಮ ಕಚೇರಿಯಿಂದ ಒಂದು ಉತ್ತರ ಬಂತು. "ತಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಸ್ವೀಕೃತ ಮಾದರಿಗಳು ಪರೀಕ್ಷೆಗೆ ಯೋಗ್ಯವಾಗಿರದ ಕಾರಣ, ಮುಂದಿನ ಕ್ರಮದ ಅವಶ್ಯಕತೆ ಕಂಡುಬರುವುದಿಲ್ಲ." ಓದುತ್ತಿದ್ದಂತೆ ನನ್ನ ಬೆರಳುಗಳು ಮೇಜಿನ ಮೇಲೆ ತಾವಾಗಿಯೇ ಆಡಿದವು. ಈ ವಾಕ್ಯ ನನಗೆ ಗೊತ್ತು. ಮೂವತ್ತೊಂದು ವರ್ಷ ನಾನು ಇದನ್ನೇ ಬಡಿದಿದ್ದೇನೆ, ಇಸವಿ ಬದಲಿಸಿ, ಹೆಸರು ಬದಲಿಸಿ. ಕೂಲಂಕಷವಾಗಿ ಎಂಬ ಪದವನ್ನು ಕಡತ ತೆರೆಯುವ ಮೊದಲೇ ಅಚ್ಚು ಮಾಡಿಟ್ಟುಕೊಳ್ಳುತ್ತಿದ್ದೆವು. ಅದು ಯಾರ ಮನೆಗೆ ಹೋಗಿ ಬೀಳುತ್ತದೆ, ಅಲ್ಲಿ ಯಾರು ಬಾಗಿಲಲ್ಲೇ ನಿಂತು ಒಡೆದು ಓದುತ್ತಾರೆ ಎಂದು ಒಂದು ದಿನವೂ ಯೋಚಿಸಲಿಲ್ಲ. ತಪ್ಪಿಲ್ಲದೆ ಟೈಪು ಮಾಡುತ್ತೇನೆಂದು ನನಗೆ ಹೆಮ್ಮೆಯಿತ್ತು. ಹಾಗಾಗಿ ತಮ್ಮ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆಯೂ ನನಗಿಲ್ಲ. ಅದೂ ಒಂದು ಕಷ್ಟ.

ಇಷ್ಟೇ ಆಗಿದ್ದರೆ ಬಹುಶಃ ಈ ಪತ್ರ ಪತ್ರಿಕೆಗೆ ಬರುತ್ತಿರಲಿಲ್ಲ. ಬಂದದ್ದು ಕಳೆದ ವಾರ ನಡೆದದ್ದಕ್ಕಾಗಿ.

ಗುಂಡಕ್ಕ ಶಾಲೆಗೆ ಹೋದದ್ದು ಕಡಿಮೆಯಾದರೂ ಓದಲು ಕಲಿತಿದ್ದಾಳೆ, ನಾನೇ ಕಲಿಸಿದ್ದು. ಔಷಧಿಯ ಡಬ್ಬಿ, ಬಸ್ಸಿನ ಬೋರ್ಡು, ಏನು ಸಿಕ್ಕಿದರೂ ಓದುತ್ತಾಳೆ. ಕಳೆದ ವಾರ ನಾನು ಅಡುಗೆಮನೆಯಲ್ಲಿದ್ದಾಗ ಆಸ್ಪತ್ರೆಯ ಕಾಗದಗಳ ಚೀಲ ಅವಳ ಕೈಗೆ ಸಿಕ್ಕಿತು. ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದಳು. ಮಾದರಿ ಅಂದರೇನು ಅಜ್ಜಿ ಎಂದು ಕೂಗಿ ಕೇಳಿದಳು. ಒಲೆಯ ಕಡೆ ಗಮನವಿದ್ದ ನಾನು, ನಿನ್ನ ಕೈಯಿಂದ ತೆಗೆದರಲ್ಲ, ಆ ರಕ್ತ ಎಂದುಬಿಟ್ಟೆ. ಒಲೆ ಆರಿಸಿದೆ. ಹೋಗಿ ನೋಡಿದರೆ ಮೂರು ಹಾಳೆಗಳನ್ನೂ ನೆಲದ ಮೇಲೆ ಸಾಲಾಗಿ ಹರಡಿಕೊಂಡು ಕೂತಿದ್ದಳು. ಮೂರರ ಮೇಲೂ ಒಂದೇ ಮೊಹರು. ಶುಕ್ರವಾರಕ್ಕೂ ಅದೇ, ಫ್ರಿಜ್ಜಿಗೂ ಅದೇ, ಕೆಟ್ಟ ಯಂತ್ರಕ್ಕೂ ಅದೇ. ತಮ್ಮಲ್ಲಿ ಇರುವುದು ಅದೊಂದೇ ಮೊಹರಲ್ಲವೇ?

ಸಂಜೆ ಅವಳಮ್ಮ ಕೆಲಸದಿಂದ ಬಂದಳು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಎಂದಿನಂತೆ ಎರಡೂ ಕೈ ಚಾಚಿದಳು. ಗುಂಡಕ್ಕ ಹಿಂದೆ ಸರಿದು ಗೋಡೆಗೆ ಅಂಟಿ ನಿಂತಳು.

"ಹತ್ರ ಬರ್ಬೇಡಮ್ಮ. ನನ್ ರಕ್ತ ಕೆಟ್ಟಿದೆ. ಬರ್ದಿದಾರೆ."

ಮಗಳು ನನ್ನ ಮುಖ ನೋಡಿದಳು. ನಾನು ಗುಂಡಕ್ಕನ ಮುಂದೆ ಕೂತು ಎಲ್ಲ ಹೇಳಿದೆ. ಶುಕ್ರವಾರದ ಕಥೆ, ಸಭೆಯ ಕಥೆ, ಯಂತ್ರದ ಕಥೆ. ನಿನ್ನ ರಕ್ತ ಚೆನ್ನಾಗಿಯೇ ಇತ್ತು, ಅವರು ಇಟ್ಟುಕೊಂಡು ಕೆಡಿಸಿದರು ಎಂದೆ. ಅವಳು ಕಿವಿಗೊಟ್ಟು ಕೇಳಿದಳು, ಬಲಗಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು. ಕೇಳಿ ಮುಗಿಸಿ ಮೆಲ್ಲಗೆ ಹೇಳಿದಳು, "ನೀನು ನಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದೀಯ ಅಜ್ಜಿ. ಮೊಹರು ಇದೆಯಲ್ಲ."

ಮೊಹರು ಇರುವ ಕಾಗದ ಸುಳ್ಳು ಹೇಳುವುದಿಲ್ಲ ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ. ಯಾವ ಮುಖ ಹೊತ್ತು ಈಗ ಅಲ್ಲವೆನ್ನಲಿ?

ಅಂದಿನಿಂದ ಅವಳು ತನ್ನ ಲೋಟವನ್ನು ಬೇರೆ ಇಡುತ್ತಿದ್ದಾಳೆ. ಅಮ್ಮನ ಪಕ್ಕ ಮಲಗುವುದಿಲ್ಲ. ಜ್ವರವಿಲ್ಲದ ಹದಿನಾರನೆಯ ದಿನ ಇವತ್ತು. ಬೆಳಿಗ್ಗೆ ಎರಡು ಸಲ ಸೀನಿದಳು. ಅದು ಬರಿಯ ಅಲರ್ಜಿಯೋ, ಮುಂದಿನ ಸೋಂಕಿನ ಮುನ್ಸೂಚನೆಯೋ ನನಗೆ ತಿಳಿಯದು. ಇನ್ನು ಐದು ದಿನ ಜ್ವರವಿಲ್ಲದೆ ಉಳಿದಾಳೇ, ಅದೂ ತಿಳಿಯದು. ಉಳಿದರೆ ನಾನು ಅವಳ ಕೈಹಿಡಿದು ಮತ್ತೆ ತಮ್ಮ ಕಿಟಕಿಗೇ ಬರಬೇಕು. ಇದು ಬೆದರಿಕೆಯಲ್ಲ ಮಾನ್ಯರೇ. ಬೆದರಿಸಲು ನನ್ನ ಹತ್ತಿರ ಏನಿದೆ? ನ್ಯಾಯಾಲಯಕ್ಕೆ ಹೋಗುವಷ್ಟು ಕಾಲ ನನಗಿಲ್ಲ, ಸುಮ್ಮನಿರುವಷ್ಟು ಕಾಲ ಅವಳಿಗಿಲ್ಲ.

ಯಂತ್ರ ರಿಪೇರಿಯಾಗಿದೆಯೋ ಇಲ್ಲವೋ ಎಂಬುದನ್ನು ಕಿಟಕಿಯ ಮೇಲೆ ಬರೆದು ಹಾಕಿ. ಯಾವ ದಿನ ರಕ್ತ ತೆಗೆಯಬಾರದು, ಎಲ್ಲಿ ಇಡಬಾರದು ಎಂಬುದನ್ನು ವಾರ್ಡಿನ ಗೋಡೆಯ ಮೇಲೆ, ಉಗುಳಬಾರದು ಎಂದು ಬರೆದಷ್ಟೇ ದೊಡ್ಡದಾಗಿ ಬರೆಸಿ. ಇದು ಎಲ್ಲ ಮಕ್ಕಳ ಪರವಾಗಿ ಕೇಳುತ್ತಿರುವುದು, ಆಗುತ್ತದೆಂಬ ನಂಬಿಕೆ ನನಗೆ ಅಷ್ಟಾಗಿ ಇಲ್ಲ.

ನನ್ನ ಮನೆಯ ಮಗುವಿಗಾಗಿ ಕೇಳುವುದು ಒಂದೇ ಹಾಳೆ. ಅದಕ್ಕೆ ಅನುದಾನ ಬೇಡ, ಸಭೆ ಬೇಡ. ಗುಂಡಕ್ಕನ ಹೆಸರಿಗೆ, ಏಳು ವರ್ಷದವಳು ಕೂಡಿಸಿ ಓದುವಂಥ ದಪ್ಪ ಅಕ್ಷರದಲ್ಲಿ, ತಾವು ಒಂದು ಸಾಲು ಬರೆದು ಕಳುಹಿಸಬೇಕು: ನಿನ್ನ ರಕ್ತ ಕೆಟ್ಟಿರಲಿಲ್ಲ ಮಗು, ಕೆಡಿಸಿದ್ದು ನಾವು. ಕೆಳಗೆ ಮೊಹರು ಹಾಕಲು ಮರೆಯಬೇಡಿ. ಅದಿಲ್ಲದಿದ್ದರೆ ಅವಳು ನಂಬುವುದಿಲ್ಲ.

ಇಂತಿ,
ಇಷ್ಟು ವರ್ಷ ವಿಧೇಯಳಾಗಿದ್ದು ಏನೂ ಗಿಟ್ಟದ
ಒಬ್ಬ ನಿವೃತ್ತ ಬೆರಳಚ್ಚುಗಾರ್ತಿ,
ಗುಂಡಕ್ಕನ ಅಜ್ಜಿ